ಬಟ್ಟಲೂ ಗಣಿಯದ್ದೇ

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮೈಸೆನ್ ಊರಿನ ಹಳೆಯ ಪಿಂಗಾಣಿ ಚಹಾ ಸೆಟ್‌ಗಳ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯಿತು. ಆದರೆ ಸಿರಿವಂತರ ಬಟ್ಟಲ ಮೇಲೆ ಗಣಿ ಕೆಲಸದವರ ಚಿತ್ರ ಯಾಕೆ ಅಂತ ಆಶ್ಚರ್ಯಪಟ್ಟಿದ್ದೀರಿ. ನನಗೇನೋ ಅದು ಸಹಜ ಅನಿಸುತ್ತದೆ. ಸ್ಯಾಕ್ಸನಿ ಸಿರಿವಂತವಾದದ್ದೇ ಫ್ರೈಬರ್ಗ್ ಕಡೆಯ ಬೆಳ್ಳಿ ಗಣಿಗಳಿಂದ. 1719ರಲ್ಲಿ ಮಗನ ಮದುವೆ ಸಂಭ್ರಮಕ್ಕೆ ಅಲ್ಲಿನ ದೊರೆ ಅಗಸ್ಟಸ್ ಗಣಿಯವರ ದೊಡ್ಡ ಮೆರವಣಿಗೆಯನ್ನೇ ಮಾಡಿಸಿದ್ದ. ಇನ್ನೊಂದು ವಿಷಯ, ಪಿಂಗಾಣಿಗೆ ಬೇಕಾದ ಬಿಳಿ ಮಣ್ಣು ಬರುತ್ತಿದ್ದದ್ದೂ ಔವೆ ಊರಿನ ಗಣಿಯಿಂದ. ಹಾಗಾಗಿ ಚಿತ್ರ ಮಾತ್ರ ಅಲ್ಲ, ಬಟ್ಟಲೂ ಗಣಿಯದ್ದೇ ಅಲ್ವಾ?

ಇಂಥ ಚಿತ್ರಗಳಿಗೆ ಹೆಸರಾದವನು ಮೈಸೆನ್‌ನ ಚಿತ್ರಕಾರ ಹೋಯರ್. ಅವನ ಚಿತ್ರದ ಜನ ಸುಮ್ನೆ ನಿಂತಿರುವುದಿಲ್ಲ. ಅಗೆಯುತ್ತಾರೆ, ಅದಿರು ಸಾಗಿಸುತ್ತಾರೆ. ಮುಂದಿನ ಸಲ ನೋಡಿದಾಗ ಅವರ ಸೊಂಟದ ಹಿಂದೆ ಕಣ್ಣಾಡಿಸಿ. ಅಲ್ಲೊಂದು ಚರ್ಮದ ತುಂಡು ಇಳಿಬಿದ್ದಿರುತ್ತದೆ. ಒದ್ದೆ ಬಂಡೆ ಮೇಲೆ ಕೂರುವಾಗ, ಇಳಿಜಾರಿನಲ್ಲಿ ಜಾರುವಾಗ ಬಟ್ಟೆ ಹರಿಯದಿರಲಿ ಅಂತ ಕಟ್ಟಿಕೊಳ್ಳುತ್ತಿದ್ದದ್ದು. ನನಗೆ ಚಿನ್ನದ ಅಂಚಿಗಿಂತ ಅದೇ ಜಾಸ್ತಿ ಇಷ್ಟ!

ಒಂದೇ ತಕರಾರು. ಎಲ್ಲರ ಬಟ್ಟೆಯೂ ಈಗಷ್ಟೇ ಒಗೆದ ಹಾಗಿದೆ. ಗಣಿಯೊಳಗಿನ ಕತ್ತಲು ಮಾತ್ರ ಬಟ್ಟಲ ಮೇಲೆ ಎಲ್ಲೂ ಇಲ್ಲ.