ಟಿರಾಮಿಸುಗೆ ರೆಸ್ಟೋರೆಂಟ್ ಬೇಡ, ಕಾಫಿ ಫಿಲ್ಟರ್ ಇರುವ ಮನೆ ಸಾಕು

"ರೆಸ್ಟೋರೆಂಟ್ ಸ್ಟೈಲ್ ಟಿರಾಮಿಸು ಮನೆಯಲ್ಲೇ ಮಾಡಿ" ಅಂತ ವಿಡಿಯೊ ಮೇಲೆ ವಿಡಿಯೊ ಬರುತ್ತಿವೆ. ಟಿರಾಮಿಸು ಅಂದರೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕ್ರೀಮು ಪದರ ಪದರವಾಗಿ ಜೋಡಿಸಿದ ಇಟಲಿಯ ಸಿಹಿ. ಮನೆಯಲ್ಲಿ ಮಾಡುವುದಕ್ಕೆ ನನ್ನದು ಜೈ. ತಕರಾರು ಇರುವುದು ಆ 'ರೆಸ್ಟೋರೆಂಟ್ ಸ್ಟೈಲ್' ಬಗ್ಗೆ. ಬೆಂಗಳೂರಿನ ಕೆಫೆಗಳಲ್ಲಿ 300-400 ರೂಪಾಯಿ ಕೊಟ್ಟು ನಾನು ತಿಂದದ್ದರಲ್ಲಿ ಬಹಳಷ್ಟು ಟಿರಾಮಿಸುವೇ ಅಲ್ಲ. ಕಾಫಿ ಎಸೆನ್ಸ್ ಚಿಮುಕಿಸಿದ ಸ್ಪಾಂಜ್ ಕೇಕು, ಅದರ ಮೇಲೆ ಹಾಲೇ ಇಲ್ಲದ, ಎಣ್ಣೆಯಿಂದ ಮಾಡಿದ ವಿಪ್ಪಿಂಗ್ ಕ್ರೀಮು, ಕತ್ತರಿಸಿದಾಗ ಅಲ್ಲಾಡದೆ ನಿಲ್ಲಲಿ ಅಂತ ಜೆಲಾಟಿನ್. ಫೋಟೊಗೆ ಚಂದ. ತಿಂದು ಅರ್ಧ ಗಂಟೆಯಾದರೂ ಅಂಗುಳದಲ್ಲಿ ಜಿಡ್ಡು ಹೋಗುವುದಿಲ್ಲ. ಅದನ್ನೇ ಮನೆಯಲ್ಲೂ ಮಾಡಬೇಕಾ?

ನನ್ನ ವಾದ ಇಷ್ಟೇ. ಇದು ಹೋಟೆಲಿಗಿಂತ ಮನೆಯಲ್ಲೇ ಚೆನ್ನಾಗಿ ಆಗುವ ಸಿಹಿ. ಓವನ್ ಬೇಡ, ಪಾಕದ ಎಳೆ ನೋಡುವ ಕೆಲಸ ಇಲ್ಲ. ಒಳ್ಳೆ ಕಾಫಿ, ಒಳ್ಳೆ ಕ್ರೀಮು ಇದ್ದು, ಒಂದು ರಾತ್ರಿ ಕಾಯುವ ತಾಳ್ಮೆ ಇದ್ದರೆ ಮುಗಿಯಿತು.

ಇದು ಹುಟ್ಟಿದ ಕತೆಯೂ ಮನೆಯದ್ದೇ. ವೆನಿಸ್ ಹತ್ತಿರ ಟ್ರೆವಿಸೊ ಅಂತ ಊರಿದೆ. ಅಲ್ಲಿನ ಲೆ ಬೆಕ್ಕೆರಿಯೆ ಅನ್ನುವ ಹೋಟೆಲಿನ ಮೆನುವಿಗೆ ಟಿರಾಮಿಸು ಬಂದದ್ದು 1972ರಲ್ಲಿ. ಅಂದರೆ ನಾವು ಪುರಾತನ ಅಂದುಕೊಂಡಿರುವ ಈ ಸಿಹಿ ನನ್ನ ಅಣ್ಣನಿಗಿಂತ ಚಿಕ್ಕದು. ಹೋಟೆಲ್ ನಡೆಸುತ್ತಿದ್ದವರು ಆದೋ ಕಾಂಪೆಯೋಲ್ ಮತ್ತು ಅವರ ಹೆಂಡತಿ ಆಲ್ಬಾ. ಬಾಣಸಿಗ ರೊಬೆರ್ತೊ ಲಿಂಗ್ವಾನೊತ್ತೊ. ಆ ಮನೆಯವರು ಹೇಳುವ ಪ್ರಕಾರ, ಆಲ್ಬಾ ಬಾಣಂತಿಯಾಗಿದ್ದಾಗ ಸುಸ್ತು ಹೋಗಲಿ ಅಂತ ಅತ್ತೆ ಆಕೆಗೆ ಮೊಟ್ಟೆಯ ಹಳದಿ, ಸಕ್ಕರೆ, ಮಸ್ಕರ್ಪೋನೆ (ಕ್ರೀಮಿನಿಂದ ಮಾಡುವ ಮೆತ್ತನೆ ಚೀಸ್) ಸೇರಿಸಿ ಕಾಫಿಯ ಜೊತೆ ಕೊಡುತ್ತಿದ್ದರಂತೆ. ಹಳದಿಗೆ ಸಕ್ಕರೆ ಹಾಕಿ ಕಡೆದ ಈ ಪಥ್ಯಕ್ಕೆ ಆ ಕಡೆ ಸ್ಬಾತುದಿನ್ ಅನ್ನುತ್ತಾರೆ. ನಮ್ಮಲ್ಲಿ ಅಂಟಿನುಂಡೆ ಇದ್ದ ಹಾಗೆ ಅಲ್ಲಿ ಅದು. ಇನ್ನೊಂದು ಕತೆಯಲ್ಲಿ ಲಿಂಗ್ವಾನೊತ್ತೊ ಐಸ್‌ಕ್ರೀಮ್ ಮಾಡುವಾಗ ಮಸ್ಕರ್ಪೋನೆ ಕೈತಪ್ಪಿ ಮೊಟ್ಟೆ-ಸಕ್ಕರೆಯ ಪಾತ್ರೆಗೆ ಬಿತ್ತು ಅನ್ನುತ್ತಾರೆ. ಪಕ್ಕದ ಫ್ರಿಯೂಲಿ ಪ್ರಾಂತ್ಯದವರು ಎರಡನ್ನೂ ಒಪ್ಪುವುದಿಲ್ಲ. ತಮ್ಮ ತೊಲ್ಮೆತ್ಸೊ ಊರಿನ ಹೋಟೆಲಿನಲ್ಲಿ 1950ರ ದಶಕದಲ್ಲೇ ಇತ್ತು ಅನ್ನುವುದು ಅವರ ವಾದ. 2017ರಲ್ಲಿ ಇಟಲಿ ಸರ್ಕಾರ ಇದನ್ನು ಫ್ರಿಯೂಲಿಯ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಗೆ ಸೇರಿಸಿದಾಗ ದೊಡ್ಡ ರಂಪವೇ ಆಯಿತು. ಅವರ ಜಗಳ ಅವರಿಗಿರಲಿ. ನನಗೆ ಬಾಣಂತಿಯ ಕತೆಯೇ ಇಷ್ಟ.

ಈ ಟ್ರೆವಿಸೊ ಪಾಕವಿಧಾನವನ್ನು ಇಟಲಿಯ ಪಾಕಶಾಸ್ತ್ರ ಅಕಾಡೆಮಿ 2010ರಲ್ಲಿ ನೋಟರಿ ಹತ್ತಿರ ನೋಂದಾಯಿಸಿದೆ. 12 ಮೊಟ್ಟೆಯ ಹಳದಿ, ಅರ್ಧ ಕಿಲೊ ಸಕ್ಕರೆ, 1 ಕಿಲೊ ಮಸ್ಕರ್ಪೋನೆ, 60 ಲೇಡಿಫಿಂಗರ್ ಬಿಸ್ಕತ್ತು, ಕಾಫಿ, ಕೋಕೊ ಪುಡಿ. ಅಷ್ಟೇ. ರಮ್ ಇಲ್ಲ, ವಿಪ್ಪಿಂಗ್ ಕ್ರೀಮ್ ಇಲ್ಲ, ವೆನಿಲ್ಲಾ ಕೂಡ ಇಲ್ಲ.

ಈಗ ಕಾಫಿಗೆ ಬರುತ್ತೇನೆ, ನನಗೆ ಹೇಳಬೇಕಾಗಿರುವುದು ಜಾಸ್ತಿ ಅಲ್ಲೇ. ವಿಡಿಯೊಗಳಲ್ಲಿ ಎಲ್ಲರೂ ಬಿಸಿನೀರಿಗೆ ಇನ್‌ಸ್ಟೆಂಟ್ ಕಾಫಿ ಪುಡಿ ಕಲಸುತ್ತಾರೆ. ಅಡುಗೆಮನೆಯ ಕಟ್ಟೆ ಮೇಲೆ ಫಿಲ್ಟರ್ ಇಟ್ಟುಕೊಂಡು ಅದೇನು ಕರ್ಮ ಸ್ವಾಮಿ? ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ. ನಮ್ಮ ದೇಶದ ಕಾಫಿಗೆ ವರ್ಷಗಳಿಂದಲೂ ದೊಡ್ಡ ಗಿರಾಕಿ ಇಟಲಿ. ಎಸ್ಪ್ರೆಸೊ ಮೇಲೆ ನೊರೆ ದಪ್ಪಗೆ ನಿಲ್ಲಲಿ ಅಂತ ಅಲ್ಲಿನವರು ಬ್ಲೆಂಡಿಗೆ ರೊಬಸ್ಟಾ ಸೇರಿಸುತ್ತಾರೆ, ಅದರಲ್ಲಿ ಕೊಡಗು-ಚಿಕ್ಕಮಗಳೂರಿನದ್ದೂ ಇರುತ್ತದೆ. ಇಟಲಿಯವರು ನಮ್ಮ ಬೀಜ ತರಿಸಿಕೊಂಡು ಟಿರಾಮಿಸು ಮಾಡುತ್ತಾರೆ, ನಾವು ಸ್ಯಾಷೆ ಹರಿಯುತ್ತೇವೆ!

ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ನೇ ಬೇಕು. ಎರಡನೇ ಸಲ ನೀರು ಹೊಯ್ದು ಇಳಿಸಿದ್ದು ಇದಕ್ಕೆ ಸಾಲದು. ಒಂದು ಎಚ್ಚರಿಕೆ: ನಿಮ್ಮ ಪುಡಿಯಲ್ಲಿ ಚಿಕೋರಿ ಶೇ. 30-40 ಇದ್ದರೆ ಅದನ್ನು ಬಳಸಬೇಡಿ. ಹಾಲು ಸೇರುವ ಕಾಫಿಗೆ ಚಿಕೋರಿ ಚೆನ್ನ, ಡಿಕಾಕ್ಷನ್ನಿಗೆ ಮೈ ಕೊಡುತ್ತದೆ. ಇಲ್ಲಿ ಹಾಲಿಲ್ಲದೆ ಅದರ ಕಹಿಯೊಂದೇ ನಾಲಿಗೆಗೆ ಸಿಗುತ್ತದೆ. ಪುಡಿ ಮಾಡಿಕೊಡುವ ಅಂಗಡಿಯಲ್ಲಿ "ಚಿಕೋರಿ ಬೇಡ" ಅಂತ ಹೇಳಿ 100 ಗ್ರಾಂ ತನ್ನಿ. ಒಂದು ಲೋಟ ಗಟ್ಟಿ ಡಿಕಾಕ್ಷನ್ನಿಗೆ ಅರ್ಧ ಲೋಟ ನೀರು ಸೇರಿಸಿದರೆ ಹದ. ಸಕ್ಕರೆ ಹಾಕಬೇಡಿ, ಕ್ರೀಮಿನಲ್ಲಿ ಸಾಕಷ್ಟಿದೆ. ಪೂರ್ತಿ ಆರಲಿ. ಬಿಸಿಯಾಗಿದ್ದರೆ ಬಿಸ್ಕತ್ತು ಮುದ್ದೆಯಾಗುತ್ತದೆ.

ಲೇಡಿಫಿಂಗರ್ ಬಿಸ್ಕತ್ತು ಸೂಪರ್‌ಮಾರ್ಕೆಟ್ಟುಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಉದ್ದಕ್ಕೆ, ಹಗುರ, ಮೇಲೆ ಸಕ್ಕರೆ ಹರಳು. ಇದಕ್ಕೆ ಮೊಟ್ಟೆ ಹಾಕಿರುತ್ತಾರೆ, ಸಸ್ಯಾಹಾರಿಗಳು ಪ್ಯಾಕೆಟ್ ನೋಡಿಕೊಳ್ಳಿ. ಸಿಗದಿದ್ದರೆ ಬೇಕರಿಯಿಂದ ಕ್ರೀಮಿಲ್ಲದ ಪ್ಲೇನ್ ಸ್ಪಾಂಜ್ ತಂದು, ಬೆರಳಗಲ ಕತ್ತರಿಸಿ, ತವದ ಮೇಲೆ ಸಣ್ಣ ಉರಿಯಲ್ಲಿ ಗರಿಗರಿ ಒಣಗಿಸಿ. ಎಗ್‌ಲೆಸ್ ಸ್ಪಾಂಜೂ ಆಗುತ್ತದೆ. ರಸ್ಕ್ ಹಾಕುವವರಿದ್ದಾರೆ. ನನಗೆ ಹಿಡಿಸುವುದಿಲ್ಲ, ಅದರ ಏಲಕ್ಕಿ ವಾಸನೆ ಕಾಫಿಯ ಮೇಲೆ ಸವಾರಿ ಮಾಡುತ್ತದೆ.

ಅದ್ದುವುದು ಮಾತ್ರ ಗಮನವಿಟ್ಟು ಮಾಡಬೇಕು. ಅಗಲ ತಟ್ಟೆಗೆ ಡಿಕಾಕ್ಷನ್ ಸುರಿದುಕೊಳ್ಳಿ. ಬಿಸ್ಕತ್ತಿನ ಒಂದು ಮೈ ತಾಕಿಸಿ, ಹೊರಳಿಸಿ, ಇನ್ನೊಂದು ಮೈ ತಾಕಿಸಿ, ಎತ್ತಿಬಿಡಿ. ಒಂದು, ಎರಡು ಎನ್ನುವಷ್ಟರಲ್ಲಿ ಮುಗಿಯಬೇಕು. ಮುರಿದು ನೋಡಿದರೆ ಹೊರಗೆ ಕಂದು, ನಡುವೆ ಬೆಳ್ಳಗೆ ಒಣಗಿದ್ದು ಕಾಣಬೇಕು. ಆ ಒಣ ಭಾಗವನ್ನು ರಾತ್ರಿಯಿಡೀ ಕ್ರೀಮಿನ ತೇವ ಮೆತ್ತಗೆ ಮಾಡುತ್ತದೆ. ಪೂರ್ತಿ ನೆನೆಸಿಟ್ಟರೆ ಬೆಳಿಗ್ಗೆ ತಳದಲ್ಲಿ ಕಾಫಿ ನಿಂತಿರುತ್ತದೆ. ನಾನು ಹೀಗೆ ಒಂದೊಂದೇ ಅದ್ದುತ್ತಿದ್ದಾಗ ನೋಡುತ್ತಾ ಕೂತಿದ್ದ ನಮ್ಮತ್ತೆ, "ಕಾಫೀಲಿ ಬಿಸ್ಕತ್ ಅದ್ದಿ ತಿನ್ನೋದಕ್ಕೆ ಇಷ್ಟೊಂದು ರಾದ್ಧಾಂತನೇನಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡು ಹೋಗುವುದು ಮಸ್ಕರ್ಪೋನೆಗೆ. ಇದನ್ನು ಚೀಸ್ ಅಂತ ಮಾರುತ್ತಾರೆ, ಆದರೆ ಇದಕ್ಕೆ ಹಾಲು ಗಟ್ಟಿಯಾಗಿಸುವ ರೆನೆಟ್ ಹಾಕುವುದಿಲ್ಲ. ಕ್ರೀಮ್ ಕಾಯಿಸಿ, ಹುಳಿ ಸೇರಿಸಿ, ಬಟ್ಟೆಯಲ್ಲಿ ನೀರು ಬಸಿಯುವುದು, ಅಷ್ಟೇ. ಪನೀರು ಮಾಡುವವರಿಗೆ ಇದು ಗೊತ್ತಿರುವ ವಿದ್ಯೆ. ಅರ್ಧ ಲೀಟರ್ ಕ್ರೀಮನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 85 ಡಿಗ್ರಿವರೆಗೆ ಕಾಯಿಸಿ. ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಐದು ನಿಮಿಷ ನಿಧಾನಕ್ಕೆ ತಿರುವಿ. ಹಾಲಿನ ಹಾಗೆ ಒಡೆದು ಬೇರೆಯಾಗುವುದಿಲ್ಲ, ಮಂದವಾಗಿ ಸೌಟಿಗೆ ಅಂಟುತ್ತದೆ. ಆರಿದ ಮೇಲೆ ತೆಳು ಬಟ್ಟೆ ಹಾಸಿದ ಜರಡಿಗೆ ಸುರಿದು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ಕ್ರೀಮಿನಲ್ಲಿ ಕೊಬ್ಬು ಶೇ. 35ರ ಹತ್ತಿರ ಇದ್ದರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಟೆಟ್ರಾ ಪ್ಯಾಕಿನ ಶೇ. 25ರ ಕ್ರೀಮಿನಲ್ಲಿ ಸ್ವಲ್ಪ ತೆಳು. ವಾರವಿಡೀ ಡಬ್ಬಿಯಲ್ಲಿ ಕೂಡಿಟ್ಟ ಹಾಲಿನ ಕೆನೆ ಬೆಣ್ಣೆ ತೆಗೆಯಲು ಸರಿ, ಇಲ್ಲಿಗೆ ಬೇಡ. ಬಸಿದ ಮೊಸರೂ ಬೇಡ. ಹುಳಿ ಬಂದರೆ ಇಡೀ ರುಚಿ ಬೇರೆ ದಾರಿ ಹಿಡಿಯುತ್ತದೆ.

ಆರು ಜನರಿಗೆ ನನ್ನ ಅಳತೆ: ಮಸ್ಕರ್ಪೋನೆ 250 ಗ್ರಾಂ, ಮೂರು ಮೊಟ್ಟೆಯ ಹಳದಿ, ಸಕ್ಕರೆ 75 ಗ್ರಾಂ, ಕ್ರೀಮ್ 200 ಎಂಎಲ್, ಬಿಸ್ಕತ್ತು ಇಪ್ಪತ್ತರ ಮೇಲೆ ಒಂದೆರಡು. ಹೌದು, ಮೂಲದಲ್ಲಿಲ್ಲದ ಕ್ರೀಮನ್ನು ನಾನು ಹಾಕುತ್ತೇನೆ. ಇಟಲಿಯ ಅಳತೆಯಲ್ಲಿ ನಾಲ್ಕು ಚಮಚ ತಿನ್ನುವಷ್ಟರಲ್ಲಿ ಹೊಟ್ಟೆ ಭಾರ. ಹಳದಿಯನ್ನು ಹಸಿಯಾಗಿ ಹಾಕುವುದಿಲ್ಲ. ಸಕ್ಕರೆಯ ಜೊತೆ ಹಬೆಯ ಮೇಲಿಟ್ಟು, ಬಣ್ಣ ತಿಳಿಯಾಗಿ ದಪ್ಪಗಾಗುವವರೆಗೆ ಕೈಬಿಡದೆ ಕಡೆಯಬೇಕು. ಥರ್ಮಾಮೀಟರ್ ಇದ್ದರೆ 71 ಡಿಗ್ರಿ ದಾಟಿಸಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇರುವುದಿಲ್ಲ. ಕೈ ನಿಲ್ಲಿಸಿದರೆ ಎಗ್ ಬುರ್ಜಿ. ಅದು ಆರಿದ ಮೇಲೆ ಮಸ್ಕರ್ಪೋನೆ ಸೇರಿಸಿ, ಆಮೇಲೆ ನೊರೆ ಬರಿಸಿದ ತಣ್ಣನೆ ಕ್ರೀಮನ್ನು ಮೆಲ್ಲಗೆ ಬೆರೆಸಿ. ಮಸ್ಕರ್ಪೋನೆಗೆ ಬೀಟರ್ ಹಾಕಿ ಜಾಸ್ತಿ ತಿರುಗಿಸಿದರೆ ರವೆರವೆಯಾಗಿ ಒಡೆಯುತ್ತದೆ. ಮೊಟ್ಟೆ ತಿನ್ನದವರು ಹಳದಿ ಬಿಟ್ಟು ಕ್ರೀಮ್ 50 ಎಂಎಲ್ ಹೆಚ್ಚಿಸಿ, ಸಕ್ಕರೆ ಪುಡಿ ಮಾಡಿ ಹಾಕಿ. ನನ್ನ ಪ್ರಕಾರ ಅದೂ ಟಿರಾಮಿಸುವೇ. ಶುದ್ಧ ಕಾಫಿಯಿಲ್ಲದ ಕೆಫೆಯದ್ದಕ್ಕಿಂತ ಎಷ್ಟೋ ವಾಸಿ.

ಒಂದು ಪದರ ಬಿಸ್ಕತ್ತು, ಒಂದು ಪದರ ಕ್ರೀಮು, ಇನ್ನೊಮ್ಮೆ ಹಾಗೇ. ಗಾಜಿನ ಟ್ರೇ ಬೇಕೆಂದೇನಿಲ್ಲ, ಅಗಲ ಬಾಯಿಯ ಸ್ಟೀಲ್ ಡಬ್ಬಿ ಸಾಕು. ಮುಚ್ಚಳ ಮಾತ್ರ ಬಿಗಿಯಾಗಿರಲಿ, ಇಲ್ಲದಿದ್ದರೆ ಪಕ್ಕದ ದೋಸೆ ಹಿಟ್ಟಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕಡಿಮೆ ಅಂದರೆ ಆರು ಗಂಟೆ ಫ್ರಿಜ್ಜಿನಲ್ಲಿರಲಿ. ಸಕ್ಕರೆಯಿಲ್ಲದ ಕೋಕೊವನ್ನು ಬಡಿಸುವ ಮುಂಚೆ ಟೀ ಸೋಸುವ ಜರಡಿಯಿಂದ ಉದುರಿಸಿ. ರಾತ್ರಿಯೇ ಹಾಕಿದರೆ ಒದ್ದೆಯಾಗಿ ಕೆಸರಿನ ಬಣ್ಣ ಬರುತ್ತದೆ. ಎರಡು ದಿನದೊಳಗೆ ಮುಗಿಸಿ.

ರಮ್ ಹಾಕಬಹುದಾ ಅಂತ ಕೇಳುವವರಿಗೆ: ಹಾಕಿಕೊಳ್ಳಿ, ಡಿಕಾಕ್ಷನ್ನಿಗೆ ಎರಡು ಚಮಚ. ಮಕ್ಕಳಿರುವ ಮನೆಯಲ್ಲಿ ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ, ಮೂಲದಲ್ಲೇ ಇಲ್ಲ. ಮಾವಿನಹಣ್ಣಿನ ಟಿರಾಮಿಸು, ರಸಮಲಾಯಿ ಟಿರಾಮಿಸು ಅಂತ ಈಗ ಹೊಸದಾಗಿ ಶುರುವಾಗಿದೆ. ಮಾವಿನದ್ದನ್ನು ನಾನೂ ತಿಂದಿದ್ದೇನೆ, ಚೆನ್ನಾಗಿಯೇ ಇತ್ತು. ಆದರೆ ಕಾಫಿಯನ್ನೇ ತೆಗೆದು ಹಾಕಿದ ಮೇಲೆ ಅದಕ್ಕೆ ಬೇರೆ ಹೆಸರಿಡಲಿ, ನನ್ನದೇನೂ ಅಭ್ಯಂತರ ಇಲ್ಲ.