ಪಾಚಿ ಕಪ್ಪಾದರೆ ಗಾಳಿಯಲ್ಲಿ ಸೀಸ ಅಂತಲ್ಲ: ಸ್ಪಷ್ಟನೆ

'ಗೋಡೆ ಮೇಲಿನ ಪಾಚಿ ಕಪ್ಪಾಗಿದ್ದರೆ ನಿಮ್ಮ ಓಣಿಯ ಗಾಳಿಯಲ್ಲಿ ಸೀಸ ಇದೆ' ಎಂಬ ಮೆಸೇಜ್ ಬಳ್ಳಾರಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಕಳಿಸಿಬಿಟ್ಟಿದ್ದೆ. ಅದು ತಪ್ಪು. ನಮ್ಮ ಬಿಸಿಲಿಗೆ ಪಾಚಿ ಸುಮ್ನೆ ಒಣಗಿದರೂ ಕಪ್ಪಾಗುತ್ತದೆ. ಮಳೆ ಬಿದ್ದರೆ ಮತ್ತೆ ಹಸಿರು, ನೋಡಿದ್ದೀರಲ್ವಾ?

ಮೆಸೇಜಿನಲ್ಲಿ ಸ್ವಲ್ಪ ನಿಜವೂ ಇದೆ. ಮಾಸ್ ಜಾತಿಯ ಪಾಚಿಗೆ ನಿಜವಾದ ಬೇರಿಲ್ಲ. ಬೇಕಾದ್ದನ್ನು ಹೆಚ್ಚಾಗಿ ಮಳೆ, ದೂಳಿನಿಂದಲೇ ಹೀರುತ್ತದೆ, ಜೊತೆಗೆ ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳನ್ನೂ. ಇದನ್ನು ಬಳಸಿ ಗಾಳಿಯಲ್ಲಿನ ಲೋಹ ಅಳೆಯುವ ವಿಧಾನ 1960ರ ದಶಕದ ಕೊನೆಗೆ ಸ್ವೀಡನ್ನಿನಲ್ಲಿ ಶುರುವಾಯಿತು. ಯುರೋಪಿನಲ್ಲಿ 1990ರಿಂದ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯುತ್ತದೆ. ಆದರೆ ಅಲ್ಲಿ ಬಣ್ಣ ನೋಡಿ ಹೇಳುವುದಿಲ್ಲ. ರಸ್ತೆ, ಮನೆಗಳಿಂದ ದೂರದ ಪಾಚಿ ತಂದು, ಒಣಗಿಸಿ, ಲ್ಯಾಬಿನಲ್ಲಿ ಅಳೆಯುತ್ತಾರೆ. ಅದಿರು ಲಾರಿಗಳ ದೂಳು ನಮ್ಮಲ್ಲಿ ಜಾಸ್ತಿಯೇ, ಆದರೆ ಅದರಲ್ಲಿ ಏನಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ.