ಚುಚ್ಚೋಕೆ ಮುಂಚೆ ಅಲ್ಲಾಡ್ಸಿ ನೋಡ್ಬೇಕಿತ್ತು

ಹೋದ ವರ್ಷ ನಮ್ಮನೇಲಿ ಇಬ್ಬರಿಗೆ ಪಿಎಸ್‌ಎ ಜಾಸ್ತಿ ಬಂತು. ಗಂಡಸರಿಗೆ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಅಂತ ಗ್ರಂಥಿ ಇರುತ್ತಲ್ಲ, ಅದರಲ್ಲಿ ತೊಂದರೆ ಇದ್ರೆ ಸುಳಿವು ಕೊಡೋ ರಕ್ತಪರೀಕ್ಷೆ ಇದು. ಮೆಲ್ಬರ್ನಲ್ಲಿ ನನಗೆ, 6.2. ಗುಬ್ಬಿ ಹತ್ರ ಊರಲ್ಲಿ ನಮ್ಮ ಚಿಕ್ಕಪ್ಪಂಗೆ, 14. ಊರಿಂದ ಯಾರೇ ಫೋನ್ ಮಾಡಿದ್ರೂ ಒಂದೇ ಮಾತು, "ನಿನಗೇನಪ್ಪ, ಅಲ್ಲಿ ಮಿಷನ್‌ಗಳು ಚೆನ್ನಾಗಿರ್ತಾವೆ" ಅಂತ. ಮಿಷನ್ನು ಅದೇ ಕಣ್ರೀ. ತುಮಕೂರಲ್ಲಿ ಚಿಕ್ಕಪ್ಪ ಮಲಗಿದ್ದ ಎಂಆರ್‌ಐ ಮೇಲೆ ಯಾವ ಕಂಪನಿ ಹೆಸರಿತ್ತೋ ನಾನು ಮಲಗಿದ್ದರ ಮೇಲೂ ಅದೇ ಇತ್ತು. ಎಡವಟ್ಟಾಗಿದ್ದು ಯಾವುದು ಮೊದಲು ಯಾವುದು ಆಮೇಲೆ ಅನ್ನೋದ್ರಲ್ಲಿ.

ಚಿಕ್ಕಪ್ಪಂಗೆ ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳೋ ಹಂಗಾಗಿತ್ತು, ವಯಸ್ಸಾಯ್ತಲ್ಲ ಅಂದ್ಕೊಂಡು ಎರಡು ವರ್ಷ ತಳ್ಳಿದ್ರು, ಆಮೇಲೆ ತಮ್ಮ (ಅವರ ಮಗ) ಬೈದು ಬೈಕಲ್ಲಿ ಕೂರಿಸ್ಕೊಂಡು ತುಮಕೂರಿಗೆ ಕರ್ಕೊಂಡೋದ. ರಕ್ತ ಕೊಟ್ರು, ರಿಪೋರ್ಟ್ ಬಂತು, ಎರಡೇ ದಿನಕ್ಕೆ ಬಯಾಪ್ಸಿ. ಹಿಂದ್ಗಡೆಯಿಂದ ಅಲ್ಟ್ರಾಸೌಂಡ್ ಇಟ್ಟು ಸೂಜೀಲಿ ಹನ್ನೆರಡು ಕಡೆ ಚೂರು ತೆಗೆದ್ರು. ಈ ಅಲ್ಟ್ರಾಸೌಂಡಲ್ಲಿ ಪ್ರಾಸ್ಟೇಟ್ ಎಲ್ಲಿದೆ ಅಂತ ಕಾಣುತ್ತೆ, ಅದರೊಳಗೆ ಕ್ಯಾನ್ಸರ್ ಎಲ್ಲಿದೆ ಅನ್ನೋದು ಎಷ್ಟೋ ಸಲ ಕಾಣಲ್ಲ, ಹಂಗಾಗಿ ಹೊಲದಲ್ಲಿ ಮಣ್ಣು ಪರೀಕ್ಷೆಗೆ ಅಲ್ಲೊಂದು ಇಲ್ಲೊಂದು ಹಿಡಿ ತೆಗೀತಾರಲ್ಲ, ಆ ಥರ. ಕ್ಯಾನ್ಸರ್ ಅಂತ ಬಂತು. ಹತ್ತು ದಿನ ಆದ್ಮೇಲೆ "ಎಷ್ಟು ಹರಡಿದೆ ನೋಡಾಣ" ಅಂತ ಎಂಆರ್‌ಐ ಬರೆದ್ರು. ರಿಪೋರ್ಟಲ್ಲಿ ಏನಿತ್ತು ಗೊತ್ತಾ? ಬಯಾಪ್ಸಿಯ ರಕ್ತ ಒಳಗೆ ಇನ್ನೂ ನಿಂತಿದೆ, ಸರಿಯಾಗಿ ಹೇಳಕ್ಕಾಗಲ್ಲ, ಆರು ವಾರ ಬಿಟ್ಟು ಮತ್ತೆ ಮಾಡಿಸಿ. ಎಂಟು ಸಾವಿರ ನೀರಲ್ಲಿ ಹೋಯ್ತು, ಅದು ಬಿಡಿ, ಆ ಆರು ವಾರ ಮನೇಲಿ ಚಿಕ್ಕಮ್ಮ ನಿದ್ದೆ ಮಾಡ್ಲಿಲ್ಲ.

ನನ್ನ ಕಡೆ ಉಲ್ಟಾ. ಇಲ್ಲಿ ಜಿಪಿ ಅಂತ ಫ್ಯಾಮಿಲಿ ಡಾಕ್ಟ್ರು, ಅವರು ಬರೆದ್ರೆ ಪ್ರಾಸ್ಟೇಟ್ ಎಂಆರ್‌ಐಗೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಕೊಡಲ್ಲ, ಸ್ಪೆಷಲಿಸ್ಟೇ ಬರೀಬೇಕು, ಆ ಸ್ಪೆಷಲಿಸ್ಟ್ ಸಿಗೋಕೆ ನಾನು ಏಳು ವಾರ ಕಾದೆ. ಊರಲ್ಲಾದ್ರೆ ಅವತ್ತೇ ಸಂಜೆ ಮುಗೀತಿತ್ತು, ಅದನ್ನ ಒಪ್ಕೋತೀನಿ. ಆದ್ರೆ ಅವರು ಸೂಜಿ ಮುಟ್ಟೋಕೆ ಮುಂಚೆ ಎಂಆರ್‌ಐಗೆ ಕಳಿಸಿದ್ರು. ಅದರಲ್ಲಿ ಪೈ-ರ್‍ಯಾಡ್ಸ್ ಅಂತ 1ರಿಂದ 5ರವರೆಗೆ ಮಾರ್ಕ್ಸ್ ಹಾಕ್ತಾರೆ, 4, 5 ಬಂದ್ರೆ ಅನುಮಾನ ಗಟ್ಟಿ, ಆ ಜಾಗಕ್ಕೇ ಗುರಿ ಇಟ್ಟು ಚುಚ್ತಾರೆ. ನಂದು 2. ಬಯಾಪ್ಸಿ ಬೇಡ, ಪಿಎಸ್‌ಎ ನೋಡ್ತಾ ಇರೋಣ ಅಂದ್ರು. 2017ರಲ್ಲಿ ಬ್ರಿಟನ್ನಲ್ಲಿ ಪ್ರಾಮಿಸ್ ಅಂತ ಅಧ್ಯಯನ ಬಂತು, 576 ಗಂಡಸರಿಗೆ ಎರಡೂ ಮಾಡಿ ನೋಡಿದ್ರು. ತೊಂದರೆ ಕೊಡೋ ಜಾತಿ ಕ್ಯಾನ್ಸರನ್ನ ಎಂಆರ್‌ಐ ನೂರಕ್ಕೆ 93 ಹಿಡೀತು, ಹಳೇ ಥರ ಚುಚ್ಚೋ ಬಯಾಪ್ಸಿ 48. ಎಂಆರ್‌ಐ ಸುಮ್‌ಸುಮ್ನೆ ಹೆದರ್ಸೋದೂ ಉಂಟು, ಅದಕ್ಕೇ ಅನುಮಾನ ಬಂದ್ರೆ ಬಯಾಪ್ಸಿ ತಪ್ಪಲ್ಲ. ಆದ್ರೆ ಮೊದಲು ನೋಡು ಆಮೇಲೆ ಚುಚ್ಚು.

ಇದನ್ನ ಚಿಕ್ಕಪ್ಪಂಗೆ ಫೋನಲ್ಲಿ ಹೇಳಿದ್ರೆ ಅವರು ಅಂದಿದ್ದು, "ಅಯ್ಯೋ, ಕೊಬ್ಬರಿ ಕಣ್ಲಾ ಅದು." ನಮ್ಮನೇಲಿ ಕಾಯನ್ನ ಅಟ್ಟದ ಮೇಲೆ ಹಾಕಿ ವರ್ಷದ ಹತ್ರ ಬಿಡ್ತಾರೆ, ಆಮೇಲೆ ಚಿಕ್ಕಪ್ಪ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾರೆ. ಲೊಡಲೊಡ ಅಂದ್ರೆ ಗಿಟುಕು ಚಿಪ್ಪು ಬಿಟ್ಟಿದೆ, ಒಡೀಬಹುದು. ಸದ್ದಿಲ್ಲ ಅಂದ್ರೆ ವಾಪಸ್ ಅಟ್ಟಕ್ಕೆ. "ಅಲ್ಲಾಡಿಸ್ದಲೆ ಒಡದ್ರೆ ಹಾಳಾಗಾಕಿಲ್ವಾ" ಅಂದ್ರು.

ಚಿಕ್ಕಪ್ಪಂದು ಅಷ್ಟಕ್ಕೇ ಮುಗೀಲಿಲ್ಲ. ಕ್ಯಾನ್ಸರ್ ಮೂಳೆಗೆ ಹೋಗಿದ್ಯಾ ನೋಡೋಕೆ ಬೋನ್ ಸ್ಕ್ಯಾನ್ ಮಾಡಿದ್ರು, ಅದು ಟೆಕ್ನೀಶಿಯಂ ಅನ್ನೋ ವಿಕಿರಣ ವಸ್ತು ಬಿಟ್ಟು ಮಾಡೋ ಹಳೇ ಸ್ಕ್ಯಾನು, ಮೂಳೆ ಎಲ್ಲಿ ರಿಪೇರಿ ಆಗ್ತಾ ಇದ್ರೂ ಹೊಳೆಯುತ್ತೆ. ಮಂಡಿ ಹೊಳೀತು, ಅದು ಸವೆತ. ಎಡಗಡೆ ಪಕ್ಕೆಲುಬೂ ಹೊಳೀತು. ಮೂಳೆಗೆ ಹೋಗಿದ್ರೆ ವಾಸಿ ಮಾಡೋ ಮಾತಿಲ್ಲ, ತಡೆದು ಹಿಡಿಯೋದಷ್ಟೇ ಅಂದ್ಬಿಟ್ರು. ಮನೇಲಿ ಯಾರೋ ಕಿದ್ವಾಯಿ ಅಂದ್ರು, ಅತ್ತೆಯಂದ್ರು ಶುರು ಮಾಡಿದ್ರು ಅಳೋಕೆ. ಚಿಕ್ಕಪ್ಪ ತೋಟದ ಬದು ಮೇಲಿಂದ ಬಿದ್ದು ಆ ಪಕ್ಕೆಗೆ ಪೆಟ್ಟು ಮಾಡ್ಕೊಂಡಿದ್ದು ಯಾರಿಗೂ ನೆನಪಾಗ್ಲಿಲ್ಲ, ಡಾಕ್ಟ್ರು ಕೇಳ್ಲೂ ಇಲ್ಲ.

ಆಗ ನಾನು ಹಠ ಮಾಡಿ ಬೆಂಗಳೂರಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡ್ಸಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಕಣದ ಮೈಮೇಲೆ ಪಿಎಸ್‌ಎಂಎ ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತೆ, ಅದಕ್ಕೆ ಹೋಗಿ ಅಂಟೋ ವಸ್ತುವಿಗೆ ವಿಕಿರಣ ಸೂಸೋ ಗ್ಯಾಲಿಯಂ-68 ಕಟ್ಟಿ ರಕ್ತಕ್ಕೆ ಬಿಡ್ತಾರೆ, ಎಲ್ಲಿ ಅಂಟಿದೆಯೋ ಅಲ್ಲಿ ದೀಪ ಹಚ್ಚಿದಂಗೆ. ಎಂಜಲು ಗ್ರಂಥಿ, ಕಿಡ್ನಿ ಹೆಂಗೂ ಹೊಳೀತಾವೆ, ಅದಕ್ಕೆ ಹೆದರ್ಬಾರ್ದು. ಈ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧ ಆಗ್ಬಿಡುತ್ತೆ, ಇನ್ನೊಂದು 68ಕ್ಕೆ ಕಾಲು. ತಮ್ಮ ಬೆಳಗ್ಗೆ ಐದಕ್ಕೆ ಗುಬ್ಬಿ ಬಿಟ್ಟಿದ್ದಾನೆ, ನೆಲಮಂಗಲ ದಾಟಿದ್ದಾನೆ, ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಕಾರು ಅಲ್ಲಾಡ್ತಿಲ್ಲ, ಸ್ಕ್ಯಾನಿಂಗ್ ಸೆಂಟರಿಂದ ಐದೈದು ನಿಮಿಷಕ್ಕೂ ಫೋನು, "ಎಲ್ಲಿದೀರಾ ಸಾರ್, ಡೋಸ್ ರೆಡಿ ಇದೆ". ಮೆಲ್ಬರ್ನಲ್ಲಿ ಕೂತು ಗೂಗಲ್ ಮ್ಯಾಪಲ್ಲಿ ಆ ಕೆಂಪು ಗೆರೆ ನೋಡ್ತಾ ನನ್ನ ಜೀವ ಹೋಗ್ತಿತ್ತು. ಹೆಂಗೋ ಮುಟ್ಟಿದ್ರು. ಪಕ್ಕೆಲುಬು ಪೂರ್ತಿ ಕತ್ತಲೆ, ಸೊಂಟದೊಳಗೆ ಒಂದೇ ಒಂದು ಲಿಂಫ್ ಗಂಟು ಹೊಳೀತಿತ್ತು. ಪ್ಲ್ಯಾನೇ ಬದಲಾಯ್ತು, ವಾಸಿ ಮಾಡೋ ಉದ್ದೇಶದಿಂದಾನೇ ರೇಡಿಯೇಷನ್ನು, ಜೊತೆಗೆ ಹಾರ್ಮೋನ್ ಇಂಜೆಕ್ಷನ್ನು.

ಈ ಸ್ಕ್ಯಾನಿನ ದೊಡ್ಡ ಅಧ್ಯಯನ ನಡೆಸಿದ್ದು ನಮ್ಮ ಆಫೀಸಿಂದ ಟ್ರಾಮಲ್ಲಿ ಹೋಗೋ ದೂರದ ಪೀಟರ್ ಮ್ಯಾಕಲಂ ಆಸ್ಪತ್ರೆಯವರು, 2020ರಲ್ಲಿ ಪ್ರಕಟವಾಯ್ತು, ಕ್ಯಾನ್ಸರ್ ಹರಡೋ ಅಪಾಯ ಜಾಸ್ತಿ ಇದ್ದ 302 ಜನ. ಪಿಎಸ್‌ಎಂಎ ಪೆಟ್ ನೂರಕ್ಕೆ 92 ಸರಿ, ಸಿಟಿ ಸ್ಕ್ಯಾನ್ ಮತ್ತೆ ಬೋನ್ ಸ್ಕ್ಯಾನ್ ಎರಡೂ ಸೇರಿ 65. 2022 ಜುಲೈಯಿಂದ ಇಲ್ಲಿ ಮೆಡಿಕೇರೇ ದುಡ್ಡು ಕೊಡುತ್ತೆ. ನಮ್ಮ ತಮ್ಮ ಇಪ್ಪತ್ತು ಸಾವಿರದ ಮೇಲೆ ಕೈಯಿಂದ ಕಟ್ಟಿದ.

ಹಂಗಂತ ಆಸ್ಟ್ರೇಲಿಯಾದವರು ಬುದ್ಧಿವಂತರು, ತುಮಕೂರಿನವರು ದಡ್ಡರು ಅಂತ ನಾನು ಹೇಳ್ತಿಲ್ಲ. ಇಲ್ಲಿ ಸರ್ಕಾರ ದುಡ್ಡು ಕೊಡುತ್ತೆ, ಹಂಗಾಗಿ ಮೊದಲು ಇದು ಆಮೇಲೆ ಅದು ಅಂತ ಸರ್ಕಾರನೇ ಸಾಲು ಹಾಕಿದೆ. ಅಲ್ಲಿ ಪೇಷೆಂಟೇ ದುಡ್ಡು ಕೊಡೋದು, ಯಾವ ಸ್ಕ್ಯಾನು ಯಾವಾಗ ಬೇಕಾದ್ರೂ. ಆ ಡಾಕ್ಟ್ರ ಕಷ್ಟಾನೂ ಗೊತ್ತಾಗುತ್ತೆ, ಹಳ್ಳಿಯಿಂದ ಬಂದವರನ್ನ ಎಂಆರ್‌ಐ ಮಾಡಿಸ್ಕೊಂಡು ಬನ್ನಿ ಅಂತ ಕಳಿಸಿದ್ರೆ ಎಷ್ಟೋ ಜನ ವಾಪಸ್ ಬರೋದೇ ಇಲ್ಲ, ಬಂದಿದ್ದಾರೆ ಅಂದ್ರೆ ಇವತ್ತೇ ಮುಗಿಸ್ಬಿಡೋಣ ಅಂತ. ಅದೇ ಡಾಕ್ಟ್ರು ಚೀಟಿ ಹಿಂದೆ ಪೆನ್ನಲ್ಲಿ ಪ್ರಾಸ್ಟೇಟ್ ಚಿತ್ರ ಬರೆದು ಅರ್ಧ ಗಂಟೆ ತಿಳಿಸಿ ಹೇಳಿದ್ರಂತೆ, ಮೊಬೈಲ್ ನಂಬರೂ ಕೊಟ್ಟಿದಾರೆ. ನನ್ನ ಸ್ಪೆಷಲಿಸ್ಟು ಹನ್ನೆರಡು ನಿಮಿಷಕ್ಕೆ ಎದ್ದು ಶೇಕ್‌ಹ್ಯಾಂಡ್ ಕೊಟ್ರು. ಆದ್ರೂ "ಸಾರ್, ಚುಚ್ಚೋಕೆ ಮುಂಚೆ ಎಂಆರ್‌ಐ ಬೇಡ್ವಾ" ಅಂತ ಒಂದು ಮಾತು ತಮ್ಮ ಕೇಳಿದ್ರೆ ಆಗಿರೋದು. ಅವನಿಗೆ ಗೊತ್ತಿರ್ಲಿಲ್ಲ, ನನಗೂ ಆಗ ಗೊತ್ತಿರ್ಲಿಲ್ಲ.

ಚಿಕ್ಕಪ್ಪಂದು ರೇಡಿಯೇಷನ್ ಮುಗೀತು, ಸುಸ್ತಿದೆ, ಇಂಜೆಕ್ಷನ್ನಿಂದ ಮೈ ಬೆವರುತ್ತೆ ಅಂತ ಬೈಕೋತಾರೆ, ತೋಟಕ್ಕೆ ಹೋಗೋದು ಬಿಟ್ಟಿಲ್ಲ. ಮುಂದಿನ ಪಿಎಸ್‌ಎ ಇಬ್ಬರದ್ದೂ ಒಂದೇ ತಿಂಗಳಿಗೆ ಬಿದ್ದಿದೆ. ಯಾರದ್ದು ಕಮ್ಮಿ ಬತ್ತದೋ ನೋಡಾಣ ಬಾ ಅಂತಾವ್ರೆ.